ಟೈಟಾನಿಕ್ಕಿನ ಅಕ್ಕ

ಬೆಲ್‌ಫಾಸ್ಟಿನ ಟೈಟಾನಿಕ್ ಮ್ಯೂಸಿಯಂ ನೋಡಿಕೊಂಡು ಹೊರಗೆ ಬಂದರೆ ಅದರ ಹಿಂದೆ ನೀರಿನ ಕಡೆಗೆ ಇಳಿಯುವ ಎರಡು ಅಗಲವಾದ ಇಳಿಜಾರುಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಹಡಗು ಕಟ್ಟಿ ನೀರಿಗೆ ಜಾರಿಸುತ್ತಿದ್ದ ಜಾಗಗಳು ಅವು. ನಾನು ಹೋದ ದಿನ ಸಣ್ಣಗೆ ಮಳೆ ಹನಿಯುತ್ತಿತ್ತು. ಆದರೂ ಒಂದು ಇಳಿಜಾರಿನ ತುಂಬ ಜನ. ಕೊಡೆ ಮಡಿಚಿ, ಕೈ ಅಗಲಿಸಿ, ಸಿನಿಮಾದಲ್ಲಿ ನೋಡಿದ ಭಂಗಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದು ಟೈಟಾನಿಕ್ ಹುಟ್ಟಿದ ಜಾಗ. ಪಕ್ಕದ್ದರಲ್ಲಿ ಒಬ್ಬ ಹೆಂಗಸು ನಾಯಿಯನ್ನು ಓಡಾಡಿಸುತ್ತಿದ್ದಳು, ಅಷ್ಟೆ. ಅದು ಒಲಿಂಪಿಕ್ ಹುಟ್ಟಿದ ಜಾಗ.

ಒಲಿಂಪಿಕ್ ಅಕ್ಕ, ಟೈಟಾನಿಕ್ ತಂಗಿ. ಹಾರ್ಲೆಂಡ್ ಅಂಡ್ ವುಲ್ಫ್ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಅಕ್ಕನ ನಂಬರು 400, ತಂಗಿಯದು 401. ಅಕ್ಕನ ತಳಪಾಯಕ್ಕೆ ಕಬ್ಬಿಣ ಬಿದ್ದದ್ದು 1908ರ ಡಿಸೆಂಬರಿನಲ್ಲಿ. ನೀರಿಗಿಳಿದದ್ದು 1910ರ ಅಕ್ಟೋಬರ್ 20ರಂದು. ಫೋಟೊದಲ್ಲಿ ಚೆನ್ನಾಗಿ ಬರಲಿ ಎಂದು ಅವತ್ತು ಅವಳ ಮೈಗೆ ತಿಳಿ ಬಣ್ಣ ಬಳಿದಿದ್ದರು. ತಂಗಿಯ ಸರದಿ ಬರುವ ಹೊತ್ತಿಗೆ ಅಷ್ಟು ಮುತುವರ್ಜಿ ಉಳಿದಿರಲಿಲ್ಲ, ಕಪ್ಪು ಬಣ್ಣದಲ್ಲೇ ಇಳಿಸಿದರು. ಮೊದಲ ಮಗುವಿನ ಫೋಟೊಗಳಿಂದ ಆಲ್ಬಂ ತುಂಬಿರುತ್ತದೆ, ಎರಡನೆಯದಕ್ಕೆ ನಾಲ್ಕೇ ನಾಲ್ಕು ಇರುತ್ತವೆ, ಹಾಗೆ. ಅದರ ಫಲ ಏನಾಯಿತೆಂದರೆ, ನಾವು ಪುಸ್ತಕಗಳಲ್ಲಿ, ಡಾಕ್ಯುಮೆಂಟರಿಗಳಲ್ಲಿ ನೋಡಿದ ಟೈಟಾನಿಕ್ಕಿನ ಒಳಾಂಗಣದ ಎಷ್ಟೋ ಚಿತ್ರಗಳು ಅಸಲಿಗೆ ಒಲಿಂಪಿಕ್‌ನವು. ಮೆಟ್ಟಿಲು ಅಕ್ಕನದು, ಹೆಸರು ತಂಗಿಯದು.

ಮ್ಯೂಸಿಯಂನಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ರಿವೆಟ್ ಹೊಡೆಯುವವರ ಕಥೆ. ಒಂದೊಂದು ಹಡಗಿಗೂ ಸುಮಾರು 30 ಲಕ್ಷ ರಿವೆಟ್ ಬೇಕಾಯಿತು. ಒಂದು ತಂಡದಲ್ಲಿ ಹುಡುಗನೊಬ್ಬ ರಿವೆಟ್ಟನ್ನು ಕೆಂಪಗೆ ಕಾಯಿಸಿ ಕೊಡುತ್ತಿದ್ದ. ಇನ್ನೊಬ್ಬ ಅದನ್ನು ತೂತಿಗೆ ಇಡುತ್ತಿದ್ದ. ಒಳಗಡೆಯಿಂದ ಒಬ್ಬ ಭಾರದ ಸುತ್ತಿಗೆ ಒತ್ತಿ ಹಿಡಿದು ನಿಲ್ಲುತ್ತಿದ್ದ. ಹೊರಗಡೆ ಇಬ್ಬರು, ಒಬ್ಬ ಎಡಗೈಯವ, ಒಬ್ಬ ಬಲಗೈಯವ, ಒಬ್ಬರ ಏಟು ಇನ್ನೊಬ್ಬರಿಗೆ ತಾಗದಂತೆ ಸರದಿಯಲ್ಲಿ ಬಡಿಯುತ್ತಿದ್ದರು. ಎಷ್ಟು ರಿವೆಟ್ಟೋ ಅಷ್ಟು ಕೂಲಿ. ಈ ಕೆಲಸ ಮಾಡಿ ಕಿವುಡರಾದವರಿಗೆ ಬೆಲ್‌ಫಾಸ್ಟಿನಲ್ಲಿ ಕೊರತೆಯಿರಲಿಲ್ಲ.

ಇಷ್ಟು ದೊಡ್ಡ ಹಡಗು ಯಾಕೆ ಬೇಕಾಯಿತು? ಪೈಪೋಟಿ. ಕ್ಯೂನಾರ್ಡ್ ಕಂಪನಿ 1907ರಲ್ಲಿ ಲೂಸಿಟೇನಿಯಾ, ಮಾರಿಟೇನಿಯಾ ಎಂಬ ಎರಡು ವೇಗದ ಹಡಗುಗಳನ್ನು ಅಟ್ಲಾಂಟಿಕ್ಕಿಗೆ ಬಿಟ್ಟಿತು. ವೇಗದಲ್ಲಿ ಅವನ್ನು ಮೀರಿಸಲು ಹೋದರೆ ಕಲ್ಲಿದ್ದಲಿಗೇ ದಿವಾಳಿಯಾಗುತ್ತೇವೆ ಎಂದು ವೈಟ್ ಸ್ಟಾರ್ ಕಂಪನಿಯವರು ಲೆಕ್ಕ ಹಾಕಿದರು. ಒಂದು ದಿನ ತಡವಾದರೂ ಪರವಾಗಿಲ್ಲ, ಸುಖವಾಗಿ ಹೋಗಿ ಎನ್ನುವುದು ಅವರ ವ್ಯಾಪಾರದ ಸೂತ್ರ. 45 ಸಾವಿರ ಟನ್ನಿನ, 882 ಅಡಿ ಉದ್ದದ ಹಡಗು. ಒಳಗೆ ಈಜುಕೊಳ, ಟರ್ಕಿಶ್ ಸ್ನಾನದ ಮನೆ, ಸ್ಕ್ವಾಶ್ ಆಡುವ ಅಂಗಳ. ಹೊಗೆ ಕೊಳವೆ ನಾಲ್ಕು. ನಾಲ್ಕನೆಯದರಿಂದ ಬಾಯ್ಲರಿನ ಹೊಗೆ ಬರುತ್ತಿರಲಿಲ್ಲ, ಅದು ಗಾಳಿಯಾಡುವುದಕ್ಕೆ ಮತ್ತು ಸ್ವಲ್ಪ ಮಟ್ಟಿಗೆ ಗತ್ತಿಗೆ. ಕೊಳವೆ ಜಾಸ್ತಿಯಿದ್ದಷ್ಟೂ ಹಡಗು ಭದ್ರ ಎಂಬ ನಂಬಿಕೆ ಟಿಕೆಟ್ ಕೊಳ್ಳುವವರಲ್ಲಿತ್ತು.

1911ರ ಜೂನ್ 14ರಂದು ಸೌತಾಂಪ್ಟನ್ ಬಿಟ್ಟ ಒಲಿಂಪಿಕ್, ಐರ್ಲೆಂಡಿನ ಕ್ವೀನ್ಸ್‌ಟೌನಿನಿಂದ 5 ದಿನ 16 ಗಂಟೆ 42 ನಿಮಿಷದಲ್ಲಿ ನ್ಯೂಯಾರ್ಕ್ ಸೇರಿತು. ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್. ಹೌದು, ಮುಂದಿನ ವರ್ಷ ಟೈಟಾನಿಕ್ ಜೊತೆ ಮುಳುಗಿದ ಅದೇ ಸ್ಮಿತ್. ದಾರಿಯಲ್ಲಿ ಫ್ರಾನ್ಸಿನ ಶೆರ್ಬೂರ್ ಬಂದರಿನಲ್ಲಿ ಪ್ರಯಾಣಿಕರನ್ನು ದಡದಿಂದ ಹಡಗಿಗೆ ತಂದುಬಿಡಲು ನೊಮ್ಯಾಡಿಕ್ ಎಂಬ ಪುಟ್ಟ ಹಡಗಿತ್ತು. ಅದು ಈಗಲೂ ಬೆಲ್‌ಫಾಸ್ಟಿನಲ್ಲಿ, ಮ್ಯೂಸಿಯಂನ ಎದುರಿಗೇ ಇದೆ. ವೈಟ್ ಸ್ಟಾರ್ ಕಂಪನಿಯ ಹಡಗುಗಳಲ್ಲಿ ಉಳಿದಿರುವುದು ಇದೊಂದೇ. ದಡದಿಂದ ಹಡಗಿಗೆ ಹೋಗುವ ಆ ಸ್ವಲ್ಪ ಹೊತ್ತಿಗೂ ಒಂದನೇ ದರ್ಜೆಯವರಿಗೆ ಬೇರೆ, ಎರಡನೇ ದರ್ಜೆಯವರಿಗೆ ಬೇರೆ ಜಾಗ ಮಾಡಿದ್ದರು. ಮೂರನೆಯವರಿಗೆ ಬೇರೆ ದೋಣಿಯೇ ಇತ್ತು. ಮಡಿ-ಮೈಲಿಗೆ ನಮ್ಮ ಕಡೆಯದು ಮಾತ್ರ ಎಂದುಕೊಂಡವರು ಒಮ್ಮೆ ಅಲ್ಲಿ ಓಡಾಡಿ ಬರಬೇಕು.

ಬೆಲ್‌ಫಾಸ್ಟಿನಲ್ಲಿ ಸಿಗದ ಒಲಿಂಪಿಕ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಮೊದಲ ಉತ್ತರ ಸೌತಾಂಪ್ಟನ್. ಅಲ್ಲಿನ ಸೀಸಿಟಿ ಮ್ಯೂಸಿಯಂನಲ್ಲಿ ಹಡಗಿನ ದೊಡ್ಡ ಮೆಟ್ಟಿಲಿನ ನೆತ್ತಿಯ ಮೇಲಿದ್ದ ಗಡಿಯಾರವಿದೆ. ಗೌರವ ಮತ್ತು ಕೀರ್ತಿ ಎಂಬ ಇಬ್ಬರು ದೇವಿಯರು ಕಾಲಕ್ಕೆ ಕಿರೀಟ ತೊಡಿಸುತ್ತಿರುವ ಕೆತ್ತನೆ. ಸಿನಿಮಾದಲ್ಲಿ ನಾಯಕ ಕಾಯುತ್ತ ನಿಲ್ಲುವುದು ಇದರ ನಕಲಿನ ಮುಂದೆ. ನೋಡಿದವರೆಲ್ಲ ‘ಓ, ಟೈಟಾನಿಕ್ ಗಡಿಯಾರ’ ಎಂದೇ ಮುಂದೆ ಹೋಗುತ್ತಾರೆ.

ಆದರೆ ಸೌತಾಂಪ್ಟನ್ನಿನಲ್ಲಿ ನೆನಪಿಡಬೇಕಾದದ್ದು ಗಡಿಯಾರವಲ್ಲ. ಈ ಊರಿನ ಗಂಡಸರು ಒಲಿಂಪಿಕ್‌ನ ಹೊಟ್ಟೆಯಲ್ಲಿ 29 ಬಾಯ್ಲರುಗಳಿಗೆ ಕಲ್ಲಿದ್ದಲು ಎಸೆಯುತ್ತಿದ್ದರು. 159 ಒಲೆಬಾಯಿಗಳು, ದಿನಕ್ಕೆ ಆರು ನೂರು ಟನ್ನಿಗೂ ಮೀರಿದ ಕಲ್ಲಿದ್ದಲು. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ವಿರಾಮ, ಮತ್ತೆ ನಾಲ್ಕು ಗಂಟೆ. 1911ರ ಸೆಪ್ಟೆಂಬರ್ 20ರಂದು, ಇನ್ನೂ ಊರ ಹತ್ತಿರದ ಸೊಲೆಂಟ್ ಕಡಲಿನಲ್ಲೇ ಇರುವಾಗ, ಹಾಕ್ ಎಂಬ ಯುದ್ಧನೌಕೆ ಒಲಿಂಪಿಕ್‌ನ ಮಗ್ಗುಲಿಗೆ ಗುದ್ದಿತು. ದೊಡ್ಡ ಹಡಗು ಸರಿಯುವಾಗ ಎದ್ದ ಸೆಳೆತ ಚಿಕ್ಕದನ್ನು ಎಳೆದುಕೊಂಡಿತೆಂದು ನೌಕಾದಳದವರು ವಾದಿಸಿದರು. ಕೋರ್ಟೂ ಅದನ್ನೇ ಒಪ್ಪಿತು. ಎರಡು ಕೋಣೆಗಳಿಗೆ ನೀರು ನುಗ್ಗಿದರೂ ಹಡಗು ತನ್ನ ಪಾಡಿಗೆ ವಾಪಸು ಬಂತು. ಇಷ್ಟು ಪೆಟ್ಟು ತಿಂದರೂ ಮುಳುಗಲಿಲ್ಲವಲ್ಲ ಎಂಬ ಧೈರ್ಯ ಎಲ್ಲರಿಗೂ ಬಂದದ್ದು ಆಗ. ರಿಪೇರಿಗೆಂದು ಅಕ್ಕ ಬೆಲ್‌ಫಾಸ್ಟಿಗೆ ಮರಳಿದ್ದರಿಂದ ತಂಗಿಯ ಕೆಲಸ ಹಿಂದೆ ಬಿತ್ತು. ಮಾರ್ಚಿನಲ್ಲಿ ಹೊರಡಬೇಕಾದ ಟೈಟಾನಿಕ್ ಏಪ್ರಿಲ್ 10ಕ್ಕೆ ಹೊರಟಿತು. ಆ ಮೂರು ವಾರದ ಮೇಲೆ ‘ಹಾಗಾಗದೆ ಹೋಗಿದ್ದರೆ’ ಎಂಬ ಕಥೆ ಕಟ್ಟುವವರು ಬಹಳ.

ಟೈಟಾನಿಕ್ ಮುಳುಗಿದ ರಾತ್ರಿ ಒಲಿಂಪಿಕ್ ಅದೇ ಸಾಗರದಲ್ಲಿ ಸುಮಾರು 500 ಮೈಲಿ ದೂರದಲ್ಲಿತ್ತು. ವೈರ್‌ಲೆಸ್ ಕರೆ ಕೇಳಿ ಪೂರ್ತಿ ಉಗಿ ಏರಿಸಿ ಹೊರಟಿತು. ಅಷ್ಟರಲ್ಲಿ ಕಾರ್ಪೇಥಿಯಾ ಬದುಕಿದವರನ್ನು ಎತ್ತಿಕೊಂಡಾಗಿತ್ತು. ಅವರನ್ನು ಇಲ್ಲಿಗೆ ವರ್ಗಾಯಿಸೋಣವೇ ಎಂಬ ಮಾತು ಬಂದಾಗ ಬೇಡ ಎಂಬ ಉತ್ತರ ಹೋಯಿತು. ಈಗಷ್ಟೇ ಕಣ್ಣೆದುರಿಗೆ ಮುಳುಗಿದ ಹಡಗೇ ಎದ್ದು ಬಂದ ಹಾಗೆ ಪಡಿಯಚ್ಚು ಹಡಗು ಬಂದು ನಿಂತರೆ ಅವರಿಗೆ ಹೇಗಾಗಬೇಡ.

ಮುಳುಗಿದವರಲ್ಲಿ ಐನೂರಕ್ಕೂ ಹೆಚ್ಚು ಮಂದಿ ಸೌತಾಂಪ್ಟನ್ನಿನವರು, ಬಹುಪಾಲು ಹಡಗಿನ ನೌಕರರು. ಒಂದೊಂದು ಬೀದಿಯಲ್ಲಿ ಎರಡು ಮೂರು ಮನೆಯ ಬಾಗಿಲು ಮುಚ್ಚಿತ್ತು. ಒಂಬತ್ತು ದಿನ ಕಳೆದು, ಏಪ್ರಿಲ್ 24ರಂದು, ಒಲಿಂಪಿಕ್ ಮತ್ತೆ ಹೊರಡಬೇಕಿತ್ತು. ಜೀವರಕ್ಷಕ ದೋಣಿ ಸಾಲದ್ದಕ್ಕೆ ಕಂಪನಿ ಗಡಿಬಿಡಿಯಲ್ಲಿ ಎಲ್ಲಿಂದಲೋ ಹಳೆಯ ಮಡಿಸುವ ದೋಣಿಗಳನ್ನು ತಂದು ಮೇಲೆ ಪೇರಿಸಿತ್ತು. ಕಲ್ಲಿದ್ದಲಿನವರು ಹೋಗಿ ನೋಡಿದರು. ಬಟ್ಟೆ ಲಡ್ಡಾಗಿದೆ, ಇವು ನೀರಿನಲ್ಲಿ ನಿಲ್ಲುವುದಿಲ್ಲ, ಮರದ ದೋಣಿ ಕೊಡಿ ಎಂದರು. ಕೊಡಲಿಲ್ಲ. ಸುಮಾರು 280 ಮಂದಿ ಗಂಟುಮೂಟೆ ಹೊತ್ತು ಹಡಗಿನಿಂದ ಇಳಿದರು. ಅವರ ಜಾಗಕ್ಕೆ ಯೂನಿಯನ್ನಿಗೆ ಸೇರದವರನ್ನು ಕರೆತಂದಾಗ ಐವತ್ತಕ್ಕೂ ಹೆಚ್ಚು ನಾವಿಕರು ಇಂಥವರ ಜೊತೆ ನಾವು ಬರುವುದಿಲ್ಲ ಎಂದು ಇಳಿದರು. ಅವರ ಮೇಲೆ ದಂಗೆಯ ಕೇಸು ಬಿತ್ತು. ಪೋರ್ಟ್ಸ್‌ಮತ್‌ನ ಮ್ಯಾಜಿಸ್ಟ್ರೇಟರು ತಪ್ಪು ಸಾಬೀತಾಗಿದೆ ಎಂದರು, ಆದರೆ ಈ ಸಂದರ್ಭದಲ್ಲಿ ಶಿಕ್ಷೆ ಬೇಡ ಎಂದೂ ಹೇಳಿ ಬಿಟ್ಟುಬಿಟ್ಟರು. ಆ ಪ್ರಯಾಣವೇ ರದ್ದಾಯಿತು. ಆಮೇಲೆ ಕಂಪನಿ ಹಡಗನ್ನು ತಿಂಗಳುಗಟ್ಟಲೆ ಬೆಲ್‌ಫಾಸ್ಟಿನಲ್ಲಿ ನಿಲ್ಲಿಸಿ ಒಳಗೆ ಎರಡನೆಯ ಗೋಡೆ ಕಟ್ಟಿಸಿತು, ಅಡ್ಡಗೋಡೆಗಳನ್ನು ಎತ್ತರಿಸಿತು, 20 ಇದ್ದ ದೋಣಿಗಳನ್ನು ಅರುವತ್ತರ ಮೇಲಕ್ಕೆ ಏರಿಸಿತು. ದೊಡ್ಡವರ ತನಿಖಾ ಆಯೋಗಗಳು ಕೂತು ಬರೆಯುವುದಕ್ಕೆ ಮುಂಚೆ ಇದನ್ನು ಕೇಳಿದ್ದು ಮೈಯೆಲ್ಲ ಮಸಿ ಬಳಿದುಕೊಂಡ ಜನ.

ಮೊದಲ ಮಹಾಯುದ್ಧದ ಕಾಲದ ಸಾಹಸಗಳನ್ನು ಬರೆಯಲು ಹೋದರೆ ಅದೇ ಒಂದು ಪುಸ್ತಕವಾಗುತ್ತದೆ. ಮೈತುಂಬ ಕಣ್ಣು ಕೋರೈಸುವ ಪಟ್ಟೆ ಬಳಿದುಕೊಂಡು ಒಲಿಂಪಿಕ್ ಎರಡು ಲಕ್ಷದಷ್ಟು ಸೈನಿಕರನ್ನೂ ಇತರರನ್ನೂ ಸಾಗಿಸಿತು, ಬಹಳ ಮಂದಿಯನ್ನು ಕೆನಡಾದ ಹ್ಯಾಲಿಫ್ಯಾಕ್ಸಿನಿಂದ. ಅದಕ್ಕೆ ‘ಓಲ್ಡ್ ರಿಲಯಬಲ್’ ಎಂದು ಹೆಸರು ಬಿದ್ದದ್ದು ಆಗಲೇ. 1918ರ ಮೇ 12ರ ನಸುಕಿನಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಯು-103 ಎಂಬ ಜರ್ಮನ್ ಜಲಾಂತರ್ಗಾಮಿ ನೀರಿನ ಮೇಲೆ ಕಂಡಾಗ ಕ್ಯಾಪ್ಟನ್ ಬರ್ಟ್ರಮ್ ಹೇಯ್ಸ್ ತಪ್ಪಿಸಿಕೊಂಡು ಓಡಲಿಲ್ಲ. ಅಮೆರಿಕನ್ ಸೈನಿಕರು ತುಂಬಿದ್ದ ಆ ಹಡಗನ್ನೇ ಅದರ ಮೇಲೆ ತಿರುಗಿಸಿ ಹಾಯಿಸಿದ. ಪ್ರೊಪೆಲ್ಲರು ಜಲಾಂತರ್ಗಾಮಿಯ ಮೈ ಸೀಳಿತು. ಪ್ರಯಾಣಿಕರ ಹಡಗೊಂದು ಜಲಾಂತರ್ಗಾಮಿಯನ್ನು ಹೀಗೆ ಗುದ್ದಿ ಮುಳುಗಿಸಿದ್ದು ಆ ಯುದ್ಧದಲ್ಲಿ ಬೇರೆ ಕಾಣೆ. ಕಿರಿಯ ತಂಗಿ ಬ್ರಿಟಾನಿಕ್ ಒಬ್ಬ ಪ್ರಯಾಣಿಕನನ್ನೂ ಟಿಕೆಟ್ಟಿನ ಮೇಲೆ ಹತ್ತಿಸಿಕೊಳ್ಳದೆ, ಆಸ್ಪತ್ರೆ ಹಡಗಾಗಿಯೇ, 1916ರ ನವೆಂಬರಿನಲ್ಲಿ ಗ್ರೀಸಿನ ಹತ್ತಿರ ಮೈನ್ ತಗುಲಿ ಮುಳುಗಿತ್ತು. ಮೂವರಲ್ಲಿ ಉಳಿದವಳು ಒಬ್ಬಳೇ.

ಯುದ್ಧ ಮುಗಿದ ಮೇಲೆ ಬಾಯ್ಲರುಗಳನ್ನು ಕಲ್ಲಿದ್ದಲಿನಿಂದ ಎಣ್ಣೆಗೆ ಬದಲಾಯಿಸಿದರು. ದಿನಗಟ್ಟಲೆ ಹಿಡಿಯುತ್ತಿದ್ದ ಇಂಧನ ತುಂಬುವ ಕೆಲಸ ಐದಾರು ಗಂಟೆಗೆ ಇಳಿಯಿತು. ಬಾಯ್ಲರ್ ಕೋಣೆಯಲ್ಲಿ 350 ಮಂದಿ ಇದ್ದದ್ದು 60ಕ್ಕೆ ಇಳಿಯಿತು. ದೋಣಿ ಕೇಳಿ ಕೆಳಗಿಳಿದಿದ್ದ ಕಸುಬಿನವರನ್ನು ಈ ಸಲ ಎಣ್ಣೆ ಕೆಳಗಿಳಿಸಿತು. 1920ರ ದಶಕ ಮೆರವಣಿಗೆಯ ಕಾಲ. 1921ರಲ್ಲಿ ಚಾರ್ಲಿ ಚಾಪ್ಲಿನ್ ತನ್ನ ಊರು ಲಂಡನ್ನನ್ನು ಮತ್ತೆ ನೋಡಲು ಹೋದದ್ದು ಇದೇ ಹಡಗಿನಲ್ಲಿ. ಆದರೆ 1924ರಲ್ಲಿ ಅಮೆರಿಕ ವಲಸೆಗೆ ಬಾಗಿಲು ಬಿಗಿ ಮಾಡಿತು. ಇಂಥ ಹಡಗುಗಳ ಹೊಟ್ಟೆ ಹೊರೆಯುತ್ತಿದ್ದುದು ಮೇಲಿನ ಮಹಡಿಯ ಕೋಟ್ಯಧಿಪತಿಗಳಷ್ಟೇ ಅಲ್ಲ, ಕೆಳಗಿನ ಮೂರನೇ ದರ್ಜೆಯ ವಲಸೆಗಾರರೂ ಕೂಡ. ಅವರು ಬರುವುದು ನಿಂತ ಮೇಲೆ ಲೆಕ್ಕ ಕೂಡಲಿಲ್ಲ. ಅದರ ಹಿಂದೆಯೇ ಆರ್ಥಿಕ ಕುಸಿತ ಬಂತು.

1934ರ ಮೇ 15ರಂದು ದಟ್ಟ ಮಂಜಿನಲ್ಲಿ ಒಲಿಂಪಿಕ್ ಅಮೆರಿಕದ ನ್ಯಾಂಟಕೆಟ್ ದೀಪನೌಕೆಯನ್ನು ಸೀಳಿಕೊಂಡು ಹೋಯಿತು. ದೊಡ್ಡ ಹಡಗುಗಳಿಗೆ ದಾರಿ ತೋರಿಸಲು ನಡುಕಡಲಲ್ಲಿ ಲಂಗರು ಹಾಕಿ ನಿಂತ ಪುಟ್ಟ ಹಡಗು ಅದು. ಅದು ಕಳಿಸುತ್ತಿದ್ದ ರೇಡಿಯೊ ಸಂಕೇತವನ್ನು ಹಿಡಿದುಕೊಂಡೇ ಒಲಿಂಪಿಕ್ ಬರುತ್ತಿತ್ತು, ಸಂಕೇತದ ಮೂಲಕ್ಕೇ ಬಂದು ಗುದ್ದಿತು. ಹನ್ನೊಂದು ಮಂದಿಯಲ್ಲಿ ಏಳು ಮಂದಿ ಸತ್ತರು. ಅದೇ ವರ್ಷ ವೈಟ್ ಸ್ಟಾರ್ ತನ್ನ ಹಳೆಯ ಎದುರಾಳಿ ಕ್ಯೂನಾರ್ಡ್ ಜೊತೆ ವಿಲೀನವಾಯಿತು. 1935ರ ಏಪ್ರಿಲಿನಲ್ಲಿ ಒಲಿಂಪಿಕ್ ಕೊನೆಯ ಸಲ ನ್ಯೂಯಾರ್ಕಿನಿಂದ ಹೊರಟಿತು. ಅಷ್ಟು ಹೊತ್ತಿಗೆ 257 ಸಲ ಅಟ್ಲಾಂಟಿಕ್ ದಾಟಿ ಹಿಂದಿರುಗಿ, 4 ಲಕ್ಷ 30 ಸಾವಿರ ಪ್ರಯಾಣಿಕರನ್ನು ಸಾಗಿಸಿತ್ತು. ಮುಳುಗಿದ್ದಕ್ಕೆ ಮ್ಯೂಸಿಯಂ ಆಯಿತು, ದುಡಿದದ್ದಕ್ಕೆ ಹರಾಜಾಯಿತು.

ಹರಾಜಾದ ಸಾಮಾನು ಎಲ್ಲಿಗೆ ಹೋಯಿತೆಂದು ನೋಡಲೆಂದೇ ನಾನು ಇಂಗ್ಲೆಂಡಿನ ಉತ್ತರಕ್ಕೆ ಹೋದದ್ದು. ನ್ಯೂಕ್ಯಾಸಲ್‌ನಲ್ಲಿ ತಂಗಿಯ ಮಗಳ ಮನೆ. ಅವಳು ಬೆಳಿಗ್ಗೆ ಉಪ್ಪಿಟ್ಟು ಡಬ್ಬಿಗೆ ಹಾಕುತ್ತ, “ದೊಡ್ಡಮ್ಮ, ಆನಿಕ್‌ಗೆ ಎಲ್ರೂ ಹ್ಯಾರಿ ಪಾಟರ್ ಕೋಟೆ ನೋಡೋಕೆ ಹೋಗ್ತಾರೆ. ನೀವು ಹೋಟ್ಲು ಗೋಡೆ ನೋಡೋಕೆ ಹೋಗ್ತಿದೀರಲ್ಲ!” ಎಂದು ನಕ್ಕಳು.

ಆನಿಕ್ ಕಲ್ಲುಕಟ್ಟಡದ ಹಳೆಯ ಊರು. ಬಸ್ಸು ಇಳಿದು ಬಾಂಡ್‌ಗೇಟ್ ಬೀದಿ ಹಿಡಿದರೆ ಹಳೆಯ ಕಲ್ಲಿನ ಹೆಬ್ಬಾಗಿಲೊಂದಿದೆ, ಕಾರುಗಳು ಒಂದೊಂದಾಗಿ ಅದರೊಳಗೆ ನುಸುಳುತ್ತವೆ. ಅದರ ಒಳಗೆ ವೈಟ್ ಸ್ವಾನ್ ಹೋಟೆಲು. ಒಲಿಂಪಿಕ್ ಒಡೆಯುವಾಗ ಇದರ ಮಾಲೀಕರು ಒಂದನೇ ದರ್ಜೆಯವರ ದಿವಾನಖಾನೆಯ ಮರಗೆಲಸವನ್ನೂ ದೊಡ್ಡ ಮೆಟ್ಟಿಲಿನ ಕಟಕಟೆಯ ಒಂದಿಷ್ಟು ಭಾಗವನ್ನೂ ಕೊಂಡು ತಂದು ಇಲ್ಲಿ ಕೂರಿಸಿದರು. ಒಳಗೆ ಹೋಗಿ ವಿಚಾರಿಸಿದೆ. ಅವತ್ತು ಸಂಜೆ ಅಲ್ಲಿ ಮದುವೆಯ ಔತಣವಿತ್ತು. ಹುಡುಗಿಯೊಬ್ಬಳು ದುಂಡು ಮೇಜುಗಳಿಗೆ ಬಿಳಿ ಬಟ್ಟೆ ಹಾಸಿ ಚಮಚ ಜೋಡಿಸುತ್ತಿದ್ದಳು. ನೋಡಿಕೊಂಡು ಹೋಗಿ, ಏನನ್ನೂ ಅಲುಗಾಡಿಸಬೇಡಿ ಎಂದಳು.

ಓಕ್ ಮರದ ಗೋಡೆ, ಅದರ ಮೇಲೆ ಫ್ರೆಂಚ್ ಅರಮನೆಯ ಮಾದರಿಯ ಕೆತ್ತನೆ, ನಡುನಡುವೆ ಕನ್ನಡಿಗಳು. ವಾದ್ಯಗಳನ್ನು ರಿಬ್ಬನ್ನಿನಿಂದ ಕಟ್ಟಿ ತೂಗುಹಾಕಿದಂತೆ ಕೆತ್ತಿದ ಭಾಗದ ಮುಂದೆ ನಾನು ನಿಂತೇ ನಿಂತೆ. ಹೆಬ್ಬೆರಳು ಸವರಿದರೆ ಅಂಚುಗಳು ನಯವಾಗಿವೆ, ಚೂಪಿಲ್ಲ. ಎಷ್ಟು ಜನರ ಕೈ ಓಡಾಡಿರಬೇಕು. ಹಡಗಿನಲ್ಲಿದ್ದಾಗ ಇದು ಪತ್ರ ಬರೆಯುವ, ಟೀ ಕುಡಿಯುವ, ಹರಟೆ ಹೊಡೆಯುವ ಕೋಣೆ. ಹುಡುಗಿಯನ್ನು ಮಾತಿಗೆಳೆದೆ. ಬರುವವರಲ್ಲಿ ಕೆಲವರು ಅಳುತ್ತಾರೆ ಎಂದಳು. ಇದು ಟೈಟಾನಿಕ್ ಅಲ್ಲ ಎಂದು ಹೇಳಿದರೂ ಅಳುತ್ತಾರಂತೆ.

ಅಳುವುದರಲ್ಲಿ ಪೂರ್ತಿ ಅರ್ಥವಿಲ್ಲದೆ ಇಲ್ಲ. ಅದೇ ನಕ್ಷೆಯ, ಅದೇ ಹಡಗುಕಟ್ಟೆಯ ಕೋಣೆಯೊಂದು ಅಟ್ಲಾಂಟಿಕ್ಕಿನ ತಳದಲ್ಲಿ ಕೊಳೆಯುತ್ತಿದೆ. ಮುಳುಗಿದ್ದು ಟೈಟಾನಿಕ್ ಅಲ್ಲ, ವಿಮೆಯ ಹಣಕ್ಕಾಗಿ ಹೆಸರು ಬದಲಾಯಿಸಿ ಒಲಿಂಪಿಕ್ಕನ್ನೇ ಮುಳುಗಿಸಿದರು ಎಂದು ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಹೇಳುವವರಿದ್ದಾರೆ. ಕಡಲ ತಳದ ಪ್ರೊಪೆಲ್ಲರಿನ ಮೇಲೆ 401 ಎಂಬ ಅಂಕಿ ಕಂಡಿದೆ, ಒಲಿಂಪಿಕ್‌ನಿಂದ ಕಿತ್ತ ಮರಗೆಲಸದ ಹಿಂಬದಿಯಲ್ಲಿ 400 ಸಿಕ್ಕಿದೆ. ನನಗೆ ಅಷ್ಟು ಸಾಕು. ದುಡಿದ ಅಕ್ಕನಿಗೆ ಅವಳ ಸಾವನ್ನೂ ಅವಳದಾಗಿ ಬಿಟ್ಟುಕೊಡದ ಜನ.

ಒಲಿಂಪಿಕ್ ನಿಜವಾಗಿ ಸತ್ತದ್ದು ಜಾರೋದಲ್ಲಿ. ನ್ಯೂಕ್ಯಾಸಲ್‌ನಿಂದ ಟೈನ್ ನದಿಯ ದಕ್ಷಿಣ ದಡ ಹಿಡಿದು ಮೆಟ್ರೋ ಹೋಗುತ್ತದೆ. ಪ್ರವಾಸಿಗರ ಊರಲ್ಲ. ನೋಡಬೇಕೆಂದರೆ ಏಳನೇ ಶತಮಾನದ ಸಂತ ಪಾಲನ ಇಗರ್ಜಿಯಿದೆ, ಬೀಡ್ ಎಂಬ ಸನ್ಯಾಸಿ ಇತಿಹಾಸಕಾರ ಬಾಳಿದ ಮಠದ ಅವಶೇಷವಿದೆ. ಮಿಕ್ಕಂತೆ ಇಟ್ಟಿಗೆ ಮನೆಗಳ ಸಾಲು, ಸೂಪರ್‌ಮಾರ್ಕೆಟ್ಟು, ಬೆಟ್ಟಿಂಗ್ ಅಂಗಡಿ. ಇಲ್ಲಿ ಪಾಮರ್ ಕಂಪನಿಯ ಹಡಗುಕಟ್ಟೆಯಿತ್ತು, ಸುಮಾರು ಒಂದು ಸಾವಿರ ಹಡಗು ಕಟ್ಟಿದ ಕಟ್ಟೆ. ಊರೆಂದರೆ ಅದೇ. ಕೆಲಸವಿಲ್ಲದ ಕಾಲದಲ್ಲಿ ಹಡಗು ಕಂಪನಿಗಳ ಮಾಲೀಕರೆಲ್ಲ ಸೇರಿ, ಪೈಪೋಟಿ ಕಡಿಮೆ ಮಾಡಲೆಂದು, ಕೆಲವು ಕಟ್ಟೆಗಳನ್ನು ಕೊಂಡು ಮುಚ್ಚುವ ಒಪ್ಪಂದ ಮಾಡಿಕೊಂಡರು. ಮುಂದಿನ 40 ವರ್ಷ ಇಲ್ಲಿ ಹಡಗು ಕಟ್ಟಕೂಡದೆಂಬ ಷರತ್ತಿನೊಂದಿಗೆ ಪಾಮರ್ ಮುಚ್ಚಿತು. ದುಡಿಯುವ ಹತ್ತು ಮಂದಿಯಲ್ಲಿ ಏಳು ಮಂದಿ ಬೀದಿಯಲ್ಲಿ ನಿಂತರು.

ಆಗ ದಕ್ಷಿಣದ ಸಿರಿವಂತ, ಪಾರ್ಲಿಮೆಂಟ್ ಸದಸ್ಯ ಸರ್ ಜಾನ್ ಜಾರ್ವಿಸ್ ಒಂದು ಲಕ್ಷ ಪೌಂಡಿನ ಹತ್ತಿರದ ಬೆಲೆಗೆ ಒಲಿಂಪಿಕ್ಕನ್ನು ಕೊಂಡರು. ಜಾರೋದಲ್ಲೇ ಒಡೆಯಬೇಕು ಎಂಬ ಕರಾರಿನ ಮೇಲೆ ಗುಜರಿ ಕಂಪನಿಗೆ ದಾಟಿಸಿದರು. 1935ರ ಅಕ್ಟೋಬರ್ 13ರಂದು ಹಡಗು ತನ್ನದೇ ಉಗಿಯಲ್ಲಿ ಟೈನ್ ನದಿಯೊಳಕ್ಕೆ ಬಂತು. ನೋಡಲು ದಡದ ತುಂಬ ಜನ. ನವೆಂಬರಿನಲ್ಲಿ ಹಡಗಿನ ಮೇಲೆಯೇ ಹರಾಜು ನಡೆಯಿತು. ಕುರ್ಚಿ, ಕನ್ನಡಿ, ಬಾಗಿಲು, ಹಲಗೆ ಎಲ್ಲ ಹೋದವು. ಆಮೇಲೆ ಕೆಲವು ನೂರು ಮಂದಿಗೆ ಗ್ಯಾಸ್ ಕಟರ್ ಹಿಡಿಯುವ ಕೆಲಸ ಸಿಕ್ಕಿತು. ಹಡಗು ಕಟ್ಟುತ್ತಿದ್ದ ಕೈಗಳಿಗೆ ಹಡಗು ಕಡಿಯುವ ಕೂಲಿ. ಉಪಕಾರವೇ, ಅಲ್ಲವೆನ್ನುವುದಿಲ್ಲ. ಸಾವಿರಾರು ಮಂದಿಯ ಊರಿಗೆ ಅದು ಎಷ್ಟು ದಿನ, ಎಷ್ಟು ಮಂದಿಗೆ?

ಒಡೆಯುವ ಕೆಲಸ ಇನ್ನೂ ನಡೆಯುತ್ತಿರುವಾಗಲೇ, 1936ರ ಅಕ್ಟೋಬರ್ 5ರಂದು, ಜಾರೋದ 200 ಮಂದಿ ಹನ್ನೊಂದು ಸಾವಿರಕ್ಕೂ ಹೆಚ್ಚು ಸಹಿಯಿದ್ದ ಮನವಿಯನ್ನು ಓಕ್ ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ಲಂಡನ್ನಿಗೆ ನಡೆದು ಹೊರಟರು. ಕೆಲಸ ಕೊಡಿ ಎನ್ನುವುದೊಂದೇ ಬೇಡಿಕೆ. ಅವರ ಎಂಪಿ ಎಲೆನ್ ವಿಲ್ಕಿನ್ಸನ್, ಕುಳ್ಳಗಿನ ಹೆಂಗಸು, ದಾರಿಯ ಬಹಳ ದೂರ ಅವರ ಜೊತೆ ನಡೆದರು. ಪೇಟೆಯಲ್ಲಿ ಸೂಪರ್‌ಮಾರ್ಕೆಟ್ಟಿನ ಹತ್ತಿರ ಇದರ ಕಂಚಿನ ಶಿಲ್ಪವಿದೆ. ಹಡಗಿನ ಪಕ್ಕೆಲುಬುಗಳ ನಡುವಿನಿಂದ ಗಂಡಸರು, ಕೂಸು ಎತ್ತಿಕೊಂಡ ಹೆಂಗಸು, ಮಕ್ಕಳು, ಒಂದು ನಾಯಿ ನಡೆದು ಹೊರಗೆ ಬರುತ್ತಿರುವಂತೆ ಮಾಡಿದ್ದಾರೆ. ನಾಯಿಯೂ ನಿಜವಾಗಿ ಅವರ ಜೊತೆ ನಡೆದಿತ್ತು. ನಾನು ನೋಡುವಾಗ ಒಬ್ಬ ಅಜ್ಜ ಅದರ ಕಟ್ಟೆಯ ಮೇಲೆ ಸಾಮಾನಿನ ಚೀಲ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ.

ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್ವಿನ್ ಆ 200 ಮಂದಿಯನ್ನು ಭೇಟಿಯಾಗಲಿಲ್ಲ. ರೈಲಿನಲ್ಲಿ ಊರಿಗೆ ಮರಳಿದವರಿಗೆ ನಿರುದ್ಯೋಗ ಭತ್ಯೆಯಲ್ಲಿ ಕಡಿತ ಕಾದಿತ್ತು. ನಡಿಗೆಯಲ್ಲಿದ್ದ ದಿನಗಳಲ್ಲಿ ಕೆಲಸ ಬಂದಿದ್ದರೂ ನೀವು ಮಾಡಲು ಸಿಗುತ್ತಿರಲಿಲ್ಲವಲ್ಲ ಎನ್ನುವುದು ಕಚೇರಿಯ ವಾದ. 1937ರ ಸೆಪ್ಟೆಂಬರಿನಲ್ಲಿ ಒಲಿಂಪಿಕ್‌ನ ಉಳಿದ ತಳಭಾಗವನ್ನು ಸ್ಕಾಟ್ಲೆಂಡಿನ ಇನ್ವರ್‌ಕೀದಿಂಗ್‌ಗೆ ಎಳೆದುಕೊಂಡು ಹೋಗಿ ಕಡಿದು ಮುಗಿಸಿದರು.

ಇಂಗ್ಲೆಂಡಿನ ಉತ್ತರಕ್ಕೆ ಹೋಗುವವರು ಆನಿಕ್‌ನ ಹೋಟೆಲನ್ನು ಧಾರಾಳವಾಗಿ ನೋಡಿ, ಮರಗೆಲಸ ನೋಡುವಂಥದ್ದೇ. ಆದರೆ ಅದಕ್ಕೆ ಮುಂಚೆ ಅರ್ಧ ದಿನ ಜಾರೋಗೆ ಇಟ್ಟುಕೊಳ್ಳಿ. ನ್ಯೂಕ್ಯಾಸಲ್‌ನಿಂದ ಮೆಟ್ರೋದಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ.